ಟ್ರಾನ್ಸಿಸ್ಟರ್ ಬದಲಿಸಿದ್ರೆ ಆಂಪ್ಲಿಫೈಯರ್ ರಿಪೇರಿ ಮುಗಿಯೋದಿಲ್ಲ

ನಮ್ಮ ಕರಾವಳಿಯಲ್ಲಿ ಹಳೇ ಆಂಪ್ಲಿಫೈಯರ್ ಸುಟ್ಟು ಹೋಯ್ತು ಅಂದ್ರೆ ಹೆಚ್ಚಿನ ಕಡೆ ಆಗೋದು ಒಂದೇ ಕೆಲಸ, ಔಟ್‌ಪುಟ್ ಟ್ರಾನ್ಸಿಸ್ಟರ್ ತೆಗೀತಾರೆ, ಹೊಸದು ಹಾಕ್ತಾರೆ, ಹಾಡು ಬಂತಾ ಬಂತು, ಕವರ್ ಮುಚ್ಚಿ ಕೊಟ್ಟು ಕಳಿಸ್ತಾರೆ. ಒಂದು ಮಳೆಗಾಲ ಕಳೆಯೋದ್ರೊಳಗೆ ಅದೇ ಚಾನೆಲ್ ಮತ್ತೆ ಹೋಗ್ತದೆ. ಆಗ ಎಲ್ಲರೂ ಹೇಳೋದು, ಈಗಿನ ಟ್ರಾನ್ಸಿಸ್ಟರ್ ಎಲ್ಲಾ ಡುಪ್ಲಿಕೇಟು, ಹಳೇ ಮಾಲು ಈಗ ಸಿಗೋದಿಲ್ಲ ಅಂತ. ಡುಪ್ಲಿಕೇಟ್ ಕಾಟ ಇರೋದು ನಿಜ, ಅದರ ಬಗ್ಗೆ ಮುಂದೆ ಬರೀತೇನೆ. ಆದರೆ ನಾನು ಬಿಚ್ಚಿ ನೋಡಿದ ಸೆಟ್‌ಗಳಲ್ಲಿ ಬಹಳಷ್ಟು ಸಲ ಟ್ರಾನ್ಸಿಸ್ಟರ್ ಕೊನೆಗೆ ಸತ್ತದ್ದು, ಮೊದಲು ಹಾಳಾದದ್ದು ಬೇರೆ ಏನೋ, ಕೆಲವೇ ರೂಪಾಯಿಯ ಒಂದು ಪ್ರೀಸೆಟ್ಟೋ (ತಿರುಗಿಸಿ ಹೊಂದಿಸೋ ಸಣ್ಣ ರೆಸಿಸ್ಟರು) ಸಡಿಲಾದ ಒಂದು ಸ್ಕ್ರೂವೋ. ಅದನ್ನ ಹುಡುಕದೆ ಹೊಸ ಟ್ರಾನ್ಸಿಸ್ಟರ್ ಹಾಕೋದು ಅರ್ಧ ರಿಪೇರಿ, ಬಯಾಸ್ (ಹಾಡು ಇಲ್ಲದಾಗಲೂ ಟ್ರಾನ್ಸಿಸ್ಟರಲ್ಲಿ ಹರೀತಾ ಇರಬೇಕಾದ ಸಣ್ಣ ಕರೆಂಟು) ಸರಿಯಾಗಿ ಕೂರಿಸೋದು ಇನ್ನರ್ಧ. ಈ ಇನ್ನರ್ಧದ ಬಗ್ಗೆ ಕನ್ನಡದಲ್ಲಿ ಬರೆದವರು ಕಡಿಮೆ, ಹಾಗಾಗಿ ಈ ಪೋಸ್ಟು.

ಉದಾಹರಣೆಗೆ ನನ್ನ ಕೈಯಲ್ಲಿ ಈಗಷ್ಟೇ ಮುಗಿದದ್ದು ದೊಡ್ಡಪ್ಪನ ಸೆಟ್ಟು. ಅವರ ಮನೆ ಹೊನ್ನಾವರದ ಹತ್ತಿರ, ಶರಾವತಿ ಹೊಳೆ ಸಮುದ್ರ ಸೇರೋ ಕಡೆ, ಕಿಟಕಿ ತೆಗೆದ್ರೆ ಉಪ್ಪುಗಾಳಿ ಒಳಗೇ ಬರ್ತದೆ. ಸೆಟ್ಟು 80ರ ದಶಕದ್ದು, ಕಂಪನಿ ಮಾಲಲ್ಲ, ಆ ಕಾಲದಲ್ಲಿ ಎಲ್ಲಾ ಕಡೆ ಕಟ್ಟಿ ಕೊಡ್ತಿದ್ದ ಅಸೆಂಬಲ್ಡ್ ಸೆಟ್ಟು. ಒಳಗೆ 18-0-18 (ಎರಡು ಕಡೆಗೂ 18 ವೋಲ್ಟ್ ಎಸಿ ಕೊಡೋ) ಟ್ರಾನ್ಸ್‌ಫಾರ್ಮರ್, ಎರಡು ದೊಡ್ಡ ಕೆಪ್ಯಾಸಿಟರ್, ಒಂದೊಂದು ಚಾನೆಲ್ಲಿಗೆ ಒಂದು 2ಎನ್3055 ಒಂದು ಎಂಜೆ2955, ಆ ಕಬ್ಬಿಣದ ಟೋಪಿ ಹಾಕಿದಂಥ ಟಿಒ-3 ಟ್ರಾನ್ಸಿಸ್ಟರ್ ಇರ್ತಾವಲ್ಲ, ಅವು. 2ಎನ್3055 ಅಮೆರಿಕದ ಆರ್‌ಸಿಎ ಕಂಪನಿ 60ರ ದಶಕದಲ್ಲಿ ತಂದದ್ದು, 15 ಆಂಪ್, 60 ವೋಲ್ಟ್, 115 ವಾಟ್, ಇವತ್ತಿಗೂ ಅಂಗಡೀಲಿ ಕೇಳಿದ್ರೆ ಸಿಗೋ ಟ್ರಾನ್ಸಿಸ್ಟರ್ ಅಂದ್ರೆ ಇದೇ. ದೊಡ್ಡಪ್ಪ ಇದರಲ್ಲಿ ಕೇಳೋದು ಯಕ್ಷಗಾನ, ಮೊದಲು ಕ್ಯಾಸೆಟ್ಟು, ಈಗ ಅದನ್ನೇ ಪೆನ್‌ಡ್ರೈವಿಗೆ ಹಾಕಿಸಿಕೊಂಡಿದ್ದಾರೆ. ಎಡಗಡೆ ಚಾನೆಲ್ ಹೋಗಿ ಒಂದು ಅಂಗಡೀಲಿ ರಿಪೇರಿ ಆಗಿತ್ತು, ಮತ್ತೆ ಅದೇ ಹೋಯ್ತು, ಜೊತೆಗೆ ಸ್ಪೀಕರಿನ ವೂಫರನ್ನೂ ಸುಟ್ಟಿತು. "ತಮಾ, ಇದ್ನ ಬಿಸಾಕಿ ಬ್ಲೂಟೂತ್ ತಗ ಹೇಳ್ತ ನಮ್ಮನೆ ಮಾಣಿ, ಯಂಗೆ ಅದು ಬ್ಯಾಡ, ಇದೇ ಆಗವು" ಅಂದ್ರು. ನೋಡ್ತಿ ದೊಡ್ಡಪ್ಪ ಅಂತ ಕುಮಟಾಕ್ಕೆ ಎತ್ತಿಕೊಂಡು ಬಂದೆ.

ಬಿಚ್ಚೋ ಮೊದಲು ಒಂದು ಮಾತು. ಇಂಥ ಸೆಟ್ಟಿನಲ್ಲಿ ಒಳಗಿನ ಡಿಸಿ 24-25 ವೋಲ್ಟ್, ಒಣ ಕೈಗೆ ಅದು ಸಾಮಾನ್ಯವಾಗಿ ಏನೂ ಮಾಡೋದಿಲ್ಲ, ಭಯ ಇರೋದು 230 ವೋಲ್ಟ್ ಬರೋ ಕಡೆ. ಹಳೇ ಸೆಟ್ಟಿನಲ್ಲಿ ಆನ್-ಆಫ್ ಸ್ವಿಚ್ ಮುಂದಿನ ಪ್ಯಾನೆಲ್ಲಲ್ಲೇ ಇರ್ತದೆ, ಅಂದ್ರೆ ಮೇನ್ ವೈರು ಇಡೀ ಸೆಟ್ಟು ದಾಟಿ ಮುಂದೆ ಬಂದಿರ್ತದೆ, ಅದರ ಟರ್ಮಿನಲ್ಲು ಬತ್ತಲೆ. ನಾನು ಮೊದಲು ಮಾಡೋ ಕೆಲಸ ಅದಕ್ಕೆ ಸ್ಲೀವ್ ಹಾಕೋದು. ಕೆಪ್ಯಾಸಿಟರನ್ನ ಸ್ಕ್ರೂಡ್ರೈವರ್ ಇಟ್ಟು ಟಪ್ ಅಂತ ಶಾರ್ಟ್ ಮಾಡಬೇಡಿ, 100 ಓಮ್ 5 ವಾಟಿನ ರೆಸಿಸ್ಟರ್ ಎರಡು ವೈರಿಗೆ ಬೆಸುಗೆ ಹಾಕಿ ಇಟ್ಕೊಳ್ಳಿ, ನಾಲ್ಕೈದು ಸೆಕೆಂಡ್ ಹಿಡಿದ್ರೆ ಸಾಕು ಖಾಲಿ.

ಇನ್ನು ಸೀರೀಸ್ ಬೋರ್ಡು. ಇದಿಲ್ಲದೆ ಸುಟ್ಟ ಆಂಪ್ಲಿಫೈಯರಿಗೆ ಕರೆಂಟ್ ಕೊಡಲೇಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಒಂದು ಹಲಗೆ, ಒಂದು ಹೋಲ್ಡರ್, ಒಂದು ಸಾಕೆಟ್, ಫೇಸ್ ವೈರು ಬಲ್ಬಿನ ಮೂಲಕ ಸಾಕೆಟ್ಟಿಗೆ ಹೋಗ್ಬೇಕು, ಅಷ್ಟೇ. 60 ವಾಟಿನ ಬಲ್ಬ್ ಹಾಕಿದ್ರೆ ಒಳಗೆ ಏನೇ ಶಾರ್ಟ್ ಇರ್ಲಿ, ಕಾಲು ಆಂಪಿಗಿಂತ ಸ್ವಲ್ಪ ಹೆಚ್ಚಷ್ಟೇ ಕರೆಂಟ್ ಹರಿಯೋದು, ಹೊಸ ಟ್ರಾನ್ಸಿಸ್ಟರ್ ಉಳೀತದೆ. ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಜೋರು ಹತ್ತಿ (ಕೆಪ್ಯಾಸಿಟರ್ ತುಂಬ್ಕೊಳ್ಳೋದು) ಆಮೇಲೆ ಮಂಕಾದ್ರೆ ಸೆಟ್ಟು ಸರಿ ಇದೆ, ಪೂರ್ತಿ ಉರೀತಾನೇ ಇದ್ರೆ ಒಳಗೆ ಶಾರ್ಟ್ ಇದೆ, ಆಫ್ ಮಾಡಿ. ಆದರೆ ಹಳೇ ತಂತಿ ಬಲ್ಬೇ ಬೇಕು, ಎಲ್‌ಇಡಿ ಬಲ್ಬಿನಲ್ಲಿ ಈ ಕೆಲಸ ಆಗೋದಿಲ್ಲ. ಈಗ ಊರ ಅಂಗಡಿಗಳಲ್ಲಿ ತಂತಿ ಬಲ್ಬು ಸಿಗೋದೇ ಕಮ್ಮಿ ಆಗಿದೆ, ಕಂಡಲ್ಲಿ ಎರಡು ತಂದು ಇಟ್ಕೊಳ್ಳಿ.

ದೊಡ್ಡಪ್ಪನ ಸೆಟ್ಟಿನಲ್ಲಿ ಬಲ್ಬ್ ಪೂರ್ತಿ ಉರೀತು. ಮಲ್ಟಿಮೀಟರಲ್ಲಿ ಡಯೋಡ್ ಮೋಡ್ ಇಟ್ಟು ನೋಡಿದ್ರೆ ಎಡಗಡೆ ಎರಡೂ ಟ್ರಾನ್ಸಿಸ್ಟರ್ ಕಲೆಕ್ಟರ್-ಎಮಿಟರ್ ಶಾರ್ಟು (ಟ್ರಾನ್ಸಿಸ್ಟರಿಗೆ ಮೂರು ತುದಿ, ಬೇಸ್, ಕಲೆಕ್ಟರ್, ಎಮಿಟರ್). ಟಿಒ-3ರಲ್ಲಿ ಮೈಯೇ ಕಲೆಕ್ಟರ್, ಎರಡು ಕಾಲು ಬೇಸು ಎಮಿಟರು, ಬಿಚ್ಚದೆ ಮೇಲಿಂದಲೇ ಅಳೀಬಹುದು, ಇದಕ್ಕೇ ನನಗೆ ಈ ಹಳೇ ಟ್ರಾನ್ಸಿಸ್ಟರ್ ಅಂದ್ರೆ ಇಷ್ಟ. ಔಟ್‌ಪುಟ್ ಹೋದ್ರೆ ಅದು ಒಂದೇ ಹೋಗೋದಿಲ್ಲ, ಅದನ್ನ ನಡೆಸೋ ಹಿಂದಿನ ಸಣ್ಣ ಟ್ರಾನ್ಸಿಸ್ಟರ್, ಅಂದ್ರೆ ಡ್ರೈವರ್ ಬಿಡಿ139, ಬಿಡಿ140, ಎಮಿಟರಿನ 0.33 ಓಮ್ ರೆಸಿಸ್ಟರ್, ಬೇಸಿನ ಸಣ್ಣ ರೆಸಿಸ್ಟರ್ ಎಲ್ಲವನ್ನೂ ಒಂದೊಂದಾಗಿ ನೋಡ್ಬೇಕು. ಇಲ್ಲೂ ಒಂದು ಡ್ರೈವರ್ ಮತ್ತೆ ಒಂದು ಎಮಿಟರ್ ರೆಸಿಸ್ಟರ್ ಹೋಗಿತ್ತು. ಇದೆಲ್ಲಾ ಬದಲಿಸೋ ಪಟ್ಟಿಗೆ ಸೇರಿತು, ಅದರಲ್ಲಿ ದೊಡ್ಡ ವಿಷಯ ಇಲ್ಲ.

ದೊಡ್ಡ ವಿಷಯ ಇರೋದು ಇವೆಲ್ಲ ಯಾಕೆ ಹೋದವು ಅನ್ನೋದರಲ್ಲಿ.

ಬಯಾಸ್ ಅಂದ್ರೆ ಏನು ಅಂತ ಸ್ವಲ್ಪ ಹೇಳಿಬಿಡ್ತೇನೆ. ಇಂಥ ಆಂಪ್ಲಿಫೈಯರಲ್ಲಿ ಒಂದು ಟ್ರಾನ್ಸಿಸ್ಟರ್ ಸಿಗ್ನಲ್ಲಿನ ಮೇಲಿನ ಅರ್ಧ ಎತ್ತಿಕೊಳ್ತದೆ, ಇನ್ನೊಂದು ಕೆಳಗಿನ ಅರ್ಧ. ಸೊನ್ನೆ ದಾಟುವಾಗ ಒಂದು ಬಿಟ್ಟು ಇನ್ನೊಂದು ಹಿಡ್ಕೊಳ್ಬೇಕು. ದೇವರ ಪಲ್ಲಕ್ಕಿ ಹೊರುವವರು ಹೆಗಲು ಬದಲಿಸುವಾಗ ನೋಡಿ, ಹೊಸಬ ಹೆಗಲು ಕೊಟ್ಟ ಮೇಲೇ ಹಳಬ ಸರಿಯೋದು, ಒಂದು ಕ್ಷಣ ಇಬ್ಬರೂ ಹೊತ್ತಿರ್ತಾರೆ, ಪಲ್ಲಕ್ಕಿ ಅಲ್ಲಾಡೋದಿಲ್ಲ. ಟ್ರಾನ್ಸಿಸ್ಟರಿಗೆ ಆ ಒಂದು ಕ್ಷಣ ಕೊಡೋದೇ ಬಯಾಸ್. ಹಾಡು ಇಲ್ಲದಾಗಲೂ ಎರಡರಲ್ಲೂ ಸ್ವಲ್ಪ ಕರೆಂಟ್ ಹರೀತಾ ಇರ್ಬೇಕು. ಕಮ್ಮಿ ಆದ್ರೆ ಸೊನ್ನೆ ಹತ್ತಿರ ಸಿಗ್ನಲ್ ಹರಿದು ಹೋಗ್ತದೆ, ಅದಕ್ಕೆ ಕ್ರಾಸೋವರ್ ಡಿಸ್ಟಾರ್ಷನ್ ಅಂತಾರೆ. ಹೆಚ್ಚಾದ್ರೆ ಟ್ರಾನ್ಸಿಸ್ಟರ್ ಸುಮ್ಮನೆ ಕಾದು ಕಾದು ಸಾಯ್ತದೆ.

ಈ ಕರೆಂಟನ್ನ ಹಿಡಿದಿಡೋದು ಒಂದು ಸಣ್ಣ ಟ್ರಾನ್ಸಿಸ್ಟರು, ಅದರ ಜೊತೆ ಎರಡು ರೆಸಿಸ್ಟರು ಒಂದು ಪ್ರೀಸೆಟ್ಟು. ಎರಡು ಡ್ರೈವರ್ ಎರಡು ಔಟ್‌ಪುಟ್, ಒಟ್ಟು ನಾಲ್ಕು ಬೇಸ್-ಎಮಿಟರ್ ಜಂಕ್ಷನ್ನು, ಒಂದೊಂದಕ್ಕೆ 0.6 ವೋಲ್ಟ್ ಹಿಡಿದ್ರೂ 2.4 ವೋಲ್ಟಿನಷ್ಟು ಇದು ಮಾಡಿ ಕೊಡ್ಬೇಕು. ಈಗ ಗಮ್ಮತ್ತಿನ ಸಂಗತಿ, ಬಿಸಿ ಆದಾಗ ಒಂದೊಂದು ಜಂಕ್ಷನ್ನಿಗೆ ಬೇಕಾಗೋ ವೋಲ್ಟೇಜು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳೀತದೆ. ನಾಲ್ಕಕ್ಕೆ 8. ಹೀಟ್‌ಸಿಂಕ್ (ಟ್ರಾನ್ಸಿಸ್ಟರಿನ ಶಾಖ ಎಳ್ಕೊಳ್ಳೋ ಲೋಹದ ತುಂಡು) 30 ಡಿಗ್ರಿ ಏರಿದ್ರೆ ಹತ್ತಿರ ಹತ್ತಿರ ಕಾಲು ವೋಲ್ಟು. ಬಯಾಸ್ ಅಷ್ಟೇ ಇಳೀದೇ ಹೋದ್ರೆ ಕರೆಂಟ್ ಏರ್ತದೆ, ಅದರಿಂದ ಇನ್ನೂ ಬಿಸಿ, ಅದರಿಂದ ಇನ್ನೂ ಕರೆಂಟ್, ನಿಲ್ಲೋದೇ ಇಲ್ಲ. ಅದಕ್ಕೇ ಆ ಸಣ್ಣ ಟ್ರಾನ್ಸಿಸ್ಟರನ್ನ ಹೀಟ್‌ಸಿಂಕಿಗೇ ಸ್ಕ್ರೂ ಹಾಕಿ ಕೂರಿಸಿರ್ತಾರೆ, ಅದೂ ಜೊತೆಗೇ ಬಿಸಿ ಆಗಿ ಬಯಾಸನ್ನ ತಾನೇ ಇಳಿಸ್ಲಿ ಅಂತ.

ದೊಡ್ಡಪ್ಪನ ಸೆಟ್ಟಿನಲ್ಲಿ ಅದು ಹೀಟ್‌ಸಿಂಕ್ ಮೇಲೆ ಇರಲೇ ಇಲ್ಲ! ಹಿಂದಿನ ರಿಪೇರಿಯಲ್ಲಿ ಬಿಚ್ಚಿದವರು ವಾಪಸ್ ಸ್ಕ್ರೂ ಹಾಕಿರಲಿಲ್ಲ, ಮೂರು ವೈರಲ್ಲಿ ಗಾಳಿಯಲ್ಲಿ ನೇತಾಡ್ತಾ ಇತ್ತು. ಹೀಟ್‌ಸಿಂಕ್ ಎಷ್ಟು ಕಾದ್ರೂ ಅದಕ್ಕೆ ಗೊತ್ತೇ ಆಗೋದಿಲ್ಲ. ಇದನ್ನ ನೋಡಿ ನನಗೆ ನಿಜಕ್ಕೂ ಸಿಟ್ಟು ಬಂತು, ಯಾಕಂದ್ರೆ ಒಬ್ಬ ವಯಸ್ಸಾದವರು ದುಡ್ಡು ಕೊಟ್ಟು ಮಾಡಿಸಿದ ಕೆಲಸ, ಒಂದು ಸ್ಕ್ರೂ ಹಾಕೋದಕ್ಕೆ ಎಷ್ಟು ಹೊತ್ತು ಬೇಕು.

ಎರಡನೇದು ಪ್ರೀಸೆಟ್ಟು. ತೆರೆದ ಕಾರ್ಬನ್ ಪ್ರೀಸೆಟ್ಟು, ಅದರ ನಡುವಿನ ತಿರುಗೋ ಕಾಲಿನ ಮೇಲೆ ಹಸಿರು ಕಿಲುಬು. ಹೊನ್ನಾವರ ಕುಮಟಾ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ, ಅದರಲ್ಲಿ ಬಹುಪಾಲು ಜೂನಿಂದ ಸೆಪ್ಟೆಂಬರ್ ಒಳಗೇ, ಉಳಿದ ತಿಂಗಳು ಉಪ್ಪುಗಾಳಿ. ಉಪ್ಪಿನ ಕಣ ಲೋಹದ ಮೇಲೆ ಕೂತು ತೇವ ಎಳ್ಕೊಳ್ತದೆ, ತಾಮ್ರ ಹಿತ್ತಾಳೆ ಇದ್ದಲ್ಲಿ ಕಿಲುಬು ಹತ್ತೇ ಹತ್ತುತ್ತದೆ. ಬೆಂಗಳೂರಲ್ಲಿ ಮೂವತ್ತು ವರ್ಷ ಬಾಳೋ ಪ್ರೀಸೆಟ್ಟು ಇಲ್ಲಿ ಅಷ್ಟು ಬಾಳೋದಿಲ್ಲ.

ಕಿಲುಬು ಹತ್ತಿ ಪ್ರೀಸೆಟ್ಟಿನ ಕಾಲು ಕಾಂಟ್ಯಾಕ್ಟ್ ಬಿಟ್ರೆ ಏನಾಗ್ತದೆ ಅನ್ನೋದು ಅದನ್ನ ಎಲ್ಲಿ ಹಾಕಿದ್ದಾರೆ ಅನ್ನೋದರ ಮೇಲೆ ಹೋಗ್ತದೆ. ದಯವಿಟ್ಟು ಈ ಭಾಗ ಎರಡು ಸಲ ಓದಿ. ಬಯಾಸ್ ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ನಡುವೆ ಪ್ರೀಸೆಟ್ ಇದ್ರೆ, ಅದು ಓಪನ್ ಆದಾಗ ಬಯಾಸ್ ಕೆಳಗೆ ಬೀಳ್ತದೆ, ದನಿ ಒರಟಾಗ್ತದೆ ಅಷ್ಟೇ, ಏನೂ ಸುಡೋದಿಲ್ಲ. ಅದೇ ಕಲೆಕ್ಟರ್-ಬೇಸ್ ನಡುವೆ ಇದ್ರೆ, ಓಪನ್ ಆದ ಕ್ಷಣ ಆ ಟ್ರಾನ್ಸಿಸ್ಟರಿಗೆ ಬೇಸ್ ಕರೆಂಟೇ ಇಲ್ಲ, ಅದು ಆಫ್, ಬಯಾಸ್ ಏರಿ ಎರಡೂ ಔಟ್‌ಪುಟ್ ಒಟ್ಟಿಗೇ ಪೂರ್ತಿ ಆನ್, ಪ್ಲಸ್ಸಿಂದ ಮೈನಸ್ಸಿಗೆ ನೇರ ದಾರಿ. ಫ್ಯೂಸ್ ಹೋಗೋ ಮೊದಲು ಟ್ರಾನ್ಸಿಸ್ಟರ್ ಹೋಗಿರ್ತದೆ. ಈ ಸೆಟ್ಟಿನಲ್ಲಿ ಇದ್ದದ್ದು ಹೀಗೇ, ಕಲೆಕ್ಟರ್-ಬೇಸ್ ನಡುವೆ. ಆ ಕಾಲದ ಎಷ್ಟೋ ಅಸೆಂಬಲ್ಡ್ ಬೋರ್ಡುಗಳಲ್ಲಿ ಹೀಗೇ ಇರ್ತದೆ.

ನಾನು ಎರಡೂ ಚಾನೆಲ್ಲಿಗೆ ಜಾಗ ಬದಲಿಸಿದೆ. ಕಲೆಕ್ಟರ್-ಬೇಸ್ ನಡುವೆ ಗಟ್ಟಿಯಾಗಿ 2.7 ಕಿಲೋ ಓಮ್ ರೆಸಿಸ್ಟರ್, ಬೇಸ್-ಎಮಿಟರ್ ಕಡೆ 680 ಓಮ್, ಅದರ ಜೊತೆ ಸೀರೀಸಲ್ಲಿ 500 ಓಮ್ ಮಲ್ಟಿಟರ್ನ್ ಪ್ರೀಸೆಟ್, ಆ ನೀಲಿ ಬಣ್ಣದ ಮುಚ್ಚಿದ ಬಾಕ್ಸಿನದ್ದು. ಲೆಕ್ಕ ಹಾಕಿದ್ರೆ ಸುಮಾರು 2 ವೋಲ್ಟಿಂದ 3 ವೋಲ್ಟ್ ತನಕ ತಿರುಗಿಸಬಹುದು. ಮುಚ್ಚಿದ ಪ್ರೀಸೆಟ್ಟಿಗೆ ಉಪ್ಪುಗಾಳಿ ಅಷ್ಟು ಬೇಗ ತಾಗೋದಿಲ್ಲ, ತಾಗಿ ಓಪನ್ ಆದ್ರೂ ಬಯಾಸ್ ಇಳೀತದೆಯೇ ಹೊರತು ಏರೋದಿಲ್ಲ. ಬಲಗಡೆ ಚಾನೆಲ್ ಚೆನ್ನಾಗೇ ಇತ್ತು, ಆದರೂ ಮಾಡಿದೆ, ಎಡಗಡೆಗೆ ಆದದ್ದು ನಾಳೆ ಅದಕ್ಕೂ ಆಗೋದೇ.

ಸಾಮಾನು ತರೋದು ನಮ್ಮ ಕಡೆಯವರಿಗೆ ಒಂದು ಕಷ್ಟದ ಕೆಲಸ. ರೆಸಿಸ್ಟರ್, ಸಣ್ಣ ಕೆಪ್ಯಾಸಿಟರ್ ಇಲ್ಲೇ ಹುಡುಕಿದ್ರೆ ಸಿಗ್ತದೆ, ಪವರ್ ಟ್ರಾನ್ಸಿಸ್ಟರ್ ಒಳ್ಳೇದು ಬೇಕಂದ್ರೆ ಹುಬ್ಬಳ್ಳಿ, ಇಲ್ಲಾ ಬೆಂಗಳೂರಿನ ಎಸ್.ಪಿ. ರೋಡು, ಇಲ್ಲಾ ಆನ್‌ಲೈನು. ನಾನು ಹುಬ್ಬಳ್ಳಿಗೆ ಬೇರೆ ಕೆಲಸಕ್ಕೆ ಹೋದಾಗ ತಂದೆ. ಡುಪ್ಲಿಕೇಟ್ ಮಾಲಿನಲ್ಲಿ ಒಳಗಿನ ಚಿಪ್ಪು ಸಣ್ಣದಿರ್ತದೆ, ಮೇಲಿನ ಹೆಸರು ಮಾತ್ರ ದೊಡ್ಡದು. ಹೊರಗಿಂದ ಪೂರ್ತಿ ಹೇಳೋದು ಕಷ್ಟ, ಆದರೆ ಪ್ರಿಂಟು ಸ್ಪಿರಿಟಿನಲ್ಲಿ ಉಜ್ಜಿದ್ರೆ ಹೋಗ್ತದಾ, ನಾಲ್ಕು ತಗೊಂಡ್ರೆ ನಾಲ್ಕೂ ಒಂದೇ ತೂಕ ಇದೆಯಾ, ರೇಟು ನಂಬೋ ಹಾಗಿದೆಯಾ ಇಷ್ಟಂತೂ ನೋಡಬಹುದು. ಇನ್ನೊಂದು, ಹೆಚ್ಚು ವಾಟ್ ಬರ್ಲಿ ಅಂತ ಇದೇ ಸೆಟ್ಟಿಗೆ 24-0-24 ಟ್ರಾನ್ಸ್‌ಫಾರ್ಮರ್ ಹಾಕೋರು ಇದ್ದಾರೆ. 24 ಎಸಿ ಅಂದ್ರೆ ಡಿಸಿ 33 ಆಗ್ತದೆ, ಪ್ಲಸ್ ಮೈನಸ್ ಸೇರಿ 66. 2ಎನ್3055 ತಡ್ಕೊಳ್ಳೋದು 60. ಒರಿಜಿನಲ್ ಮಾಲು ಹಾಕಿದ್ರೂ ಅದು ಬಾಳೋದು ಅದೃಷ್ಟದ ಮೇಲೆ. 18-0-18ರಲ್ಲಿ 8 ಓಮಿಗೆ ಸುಮಾರು 25 ವಾಟ್ ಬರ್ತದೆ, ಒಂದು ಮನೆಯ ಜಗುಲಿಗೆ ಅದು ಧಾರಾಳ.

ಕೂರಿಸುವಾಗ ಮೈಕಾ (ಟ್ರಾನ್ಸಿಸ್ಟರ್ ಕೆಳಗೆ ಕರೆಂಟ್ ದಾಟದ ಹಾಗೆ ಇಡೋ ತೆಳು ಹಾಳೆ) ಹೊಸದು ಹಾಕಿ, ಎರಡೂ ಕಡೆ ಬಿಳಿ ಹೀಟ್‌ಸಿಂಕ್ ಪೇಸ್ಟು ತೆಳ್ಳಗೆ, ದಪ್ಪ ಬಳಿದ್ರೆ ಶಾಖ ದಾಟೋದು ಕಮ್ಮಿ ಆಗ್ತದೆ. ಸ್ಕ್ರೂ ಬಿಗಿ ಮಾಡಿದ ಮೇಲೆ ಟ್ರಾನ್ಸಿಸ್ಟರ್ ಮೈಗೂ ಹೀಟ್‌ಸಿಂಕಿಗೂ ಕಂಟಿನ್ಯುಟಿ ನೋಡ್ಬೇಕು, ಬೀಪ್ ಬರಲೇಬಾರದು. ಬಯಾಸ್ ಟ್ರಾನ್ಸಿಸ್ಟರನ್ನ ಎರಡು ಔಟ್‌ಪುಟ್ ನಡುವೆ ಸರಿಯಾಗಿ ಸ್ಕ್ರೂ ಹಾಕಿ ಕೂರಿಸಿದೆ. ಬೋರ್ಡಿನ ಹಳೇ ಬೆಸುಗೆ ಸುತ್ತ ಕೂದಲೆಳೆಯಂಥ ಉಂಗುರ ಕಂಡಲ್ಲೆಲ್ಲಾ ಹಳೇ ಸೀಸ ಸಕ್ಕರಲ್ಲಿ ಎಳೆದು ಹೊಸದು ಹಾಕಿದೆ. ಫಿಲ್ಟರ್ ಕೆಪ್ಯಾಸಿಟರ್ ಎರಡೂ ಒಣಗಿದ್ವು, ಗುಂಯ್ ಅನ್ನೋ ಹಮ್ ಬರ್ತಿದ್ದದ್ದು ಅದರಿಂದಲೇ (ಇದು 50 ಅಲ್ಲ, 100 ಹರ್ಟ್ಸಿನ ಹಮ್ಮು, ಡಯೋಡ್ ಬ್ರಿಜ್ ದಾಟಿದ ಮೇಲಿನದ್ದು), ಹೊಸ 4700 ಮೈಕ್ರೋಫ್ಯಾರಡ್ 50 ವೋಲ್ಟಿಂದು ಹಾಕಿದೆ.

ಈಗ ಅಡ್ಜಸ್ಟ್‌ಮೆಂಟು, ಇಲ್ಲಿ ಅವಸರ ಮಾಡಬಾರದು. ಸ್ಪೀಕರ್ ಇಲ್ಲ, ಇನ್‌ಪುಟ್ ಇಲ್ಲ, ವಾಲ್ಯೂಮ್ ಸೊನ್ನೆ. ಆನ್ ಮಾಡೋ ಮೊದಲೇ ಪ್ರೀಸೆಟ್ಟನ್ನ ಬಯಾಸ್ ಅತಿ ಕಮ್ಮಿ ಬರೋ ಕಡೆ ತಿರುಗಿಸಿ ಇಡ್ಬೇಕು, ನನ್ನ ವೈರಿಂಗಿನಲ್ಲಿ ಅಂದ್ರೆ ಪೂರ್ತಿ 500 ಓಮ್ ಇರೋ ಕಡೆ. ಸೀರೀಸ್ ಬೋರ್ಡಲ್ಲಿ ಆನ್. ಬಲ್ಬ್ ಒಮ್ಮೆ ಹತ್ತಿ ಮಂಕಾಯ್ತು. ಮೊದಲು ಔಟ್‌ಪುಟ್ಟಿನಲ್ಲಿ ಡಿಸಿ ಎಷ್ಟಿದೆ ನೋಡ್ಬೇಕು, ಇದನ್ನ ಆಫ್‌ಸೆಟ್ ಅಂತಾರೆ, 50 ಮಿಲಿವೋಲ್ಟಿಗಿಂತ ಕೆಳಗಿದ್ರೆ ಸ್ಪೀಕರ್ ಹಾಕಬಹುದು. ಎಡಗಡೆ ಜಾಸ್ತಿ ಇತ್ತು, ಇನ್‌ಪುಟ್ಟಿನ ಎರಡು ಸಣ್ಣ ಟ್ರಾನ್ಸಿಸ್ಟರ್ (ಬಿಸಿ557) ಒಂದಕ್ಕೊಂದು ಹೊಂದಿರಲಿಲ್ಲ. ಮೀಟರಿನ ಎಚ್‌ಎಫ್‌ಇ ಸಾಕೆಟ್ಟಿನಲ್ಲಿ (ಟ್ರಾನ್ಸಿಸ್ಟರು ಕರೆಂಟನ್ನ ಎಷ್ಟು ಪಟ್ಟು ಮಾಡ್ತದೆ, ಅಂದ್ರೆ ಅದರ ಗೇನ್, ಅಳೆಯೋದು) ಒಂದು ಪ್ಯಾಕೆಟ್ಟಿನಿಂದ ಒಂದೇ ಗೇನಿನ ಜೋಡಿ ಆರಿಸಿ ಹಾಕಿದ ಮೇಲೆ 12 ಮಿಲಿವೋಲ್ಟಿಗೆ ಬಂದು ನಿಂತಿತು.

ಆಮೇಲೆ ಮೀಟರಿನ ಎರಡು ಕಡ್ಡಿ ಎಮಿಟರಿನ 0.33 ಓಮ್ ರೆಸಿಸ್ಟರಿನ ಎರಡು ತುದಿಗೆ. ಮೊಸಳೆ ಕ್ಲಿಪ್ ಹಾಕಿ ಬಿಡಿ, ಕೈಯಲ್ಲಿ ಹಿಡಿದು ಜಾರಿ ಇನ್ನೊಂದಕ್ಕೆ ತಾಗಿದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕಾಗ್ತದೆ. ನನಗೆ ಬೇಕಾದ್ದು 40 ಮಿಲಿಆಂಪ್, 0.33ರಿಂದ ಗುಣಿಸಿದ್ರೆ 13 ಮಿಲಿವೋಲ್ಟ್ ಚಿಲ್ಲರೆ. ಸೀರೀಸ್ ಬೋರ್ಡಲ್ಲಿ ಒಂದು 5 ಮಿಲಿವೋಲ್ಟ್ ತನಕ ಮಾತ್ರ ತಂದು, ಪ್ರೀಸೆಟ್ಟು ತಿರುಗಿಸಿದಂತೆ ನಿಧಾನ ಏರ್ತದೆ ಅಂತ ಖಾತ್ರಿ ಮಾಡ್ಕೊಂಡು, ಆಮೇಲೆ ಬೋರ್ಡು ತೆಗೆದು ನೇರ ಕರೆಂಟಿಗೆ ಹಾಕಿ ಅಲ್ಲಿ ಸೆಟ್ ಮಾಡ್ಬೇಕು, ಯಾಕಂದ್ರೆ ಬಲ್ಬ್ ಮಧ್ಯೆ ಇರುವಾಗ ಒಳಗಿನ ವೋಲ್ಟೇಜೇ ಕಮ್ಮಿ ಇರ್ತದೆ, ಅಲ್ಲಿ ಇಟ್ಟ ಲೆಕ್ಕ ನೇರ ಕೊಟ್ಟಾಗ ನಿಲ್ಲೋದಿಲ್ಲ. ಹಾಗೇ ಅರ್ಧ ಗಂಟೆ ಬಿಡಿ, ಮತ್ತೆ ನೋಡಿ, ಸ್ವಲ್ಪ ಸರಿದಿರ್ತದೆ, ತಿದ್ದಿ. ಆಮೇಲೆ ಸ್ಪೀಕರ್ ಹಾಕಿ ಜೋರಾಗಿ ಒಂದಷ್ಟು ಹೊತ್ತು ಹಾಡಿಸಿ, ಹೀಟ್‌ಸಿಂಕ್ ಚೆನ್ನಾಗಿ ಕಾದ ಮೇಲೆ ವಾಲ್ಯೂಮ್ ಸೊನ್ನೆ ಮಾಡಿ ಮತ್ತೆ ಅಳೀರಿ. ಮೊದಲಿನ ಜಾಗಕ್ಕೆ ಇಳಿದು ಬಂದ್ರೆ ಬಯಾಸ್ ಟ್ರಾನ್ಸಿಸ್ಟರ್ ತನ್ನ ಕೆಲಸ ಮಾಡ್ತಾ ಇದೆ. ಏರ್ತಾನೇ ಇದ್ರೆ ಆಫ್ ಮಾಡಿ, ಅದು ಶಾಖ ಹಿಡೀತಾ ಇಲ್ಲ.

ಕೆಲವರು ಸುಡೋದೇ ಬೇಡ ಅಂತ ಬಯಾಸನ್ನ ಪೂರ್ತಿ ಇಳಿಸಿ ಕೊಡ್ತಾರೆ. ಹೀಟ್‌ಸಿಂಕ್ ತಣ್ಣಗೆ ಇರ್ತದೆ, ಗಿರಾಕಿಯೂ ಖುಷಿ. ನಾನು ಇದನ್ನ ಒಪ್ಪೋದಿಲ್ಲ. ಜೋರಾಗಿ ಹಾಕಿದಾಗ ಗೊತ್ತಾಗೋದಿಲ್ಲ, ರಾತ್ರಿ ಸಣ್ಣ ದನಿಯಲ್ಲಿ ಕೇಳುವಾಗ ಗೊತ್ತಾಗ್ತದೆ, ಯಾಕಂದ್ರೆ ಆಗ ಸಿಗ್ನಲ್ಲು ಪೂರ್ತಿ ಆ ಸೊನ್ನೆ ಹತ್ತಿರವೇ ಓಡಾಡ್ತಿರ್ತದೆ. ಭಾಗವತರು ಪದ್ಯ ಎತ್ತೋ ಮೊದಲು ಮೆಲ್ಲಗೆ ಶ್ರುತಿ ಹಿಡಿದು ಆಲಾಪ ಮಾಡ್ತಾರಲ್ಲ, ಅಲ್ಲಿ ದನಿಗೆ ಒಂಥರಾ ಮರಳು ಸೇರಿದ ಹಾಗೆ ಕೇಳ್ತದೆ. ಮದ್ದಳೆಯ ನಾದ ಬಡಿದ ಮೇಲೆ ನಿಧಾನಕ್ಕೆ ಇಳೀಬೇಕು, ಅದು ಮಧ್ಯದಲ್ಲೇ ಕತ್ತರಿಸಿದ ಹಾಗೆ ನಿಲ್ತದೆ. ಚಂಡೆಗೆ ಏನೂ ವ್ಯತ್ಯಾಸ ಕಾಣೋದಿಲ್ಲ, ಅದರ ಪೆಟ್ಟು ಜೋರು. ಹಾಗಾಗಿ ಪರೀಕ್ಷೆಗೆ ಚಂಡೆ ಹಾಕಿ ಕೇಳಬೇಡಿ, ಮೆಲುದನಿಯ ಪದ್ಯ ಹಾಕಿ ಕೇಳಿ. 40 ಮಿಲಿಆಂಪಿಗೆ ಒಂದೊಂದು ಟ್ರಾನ್ಸಿಸ್ಟರ್ ಸುಮ್ಮನೆ ಸುಡೋದು 1 ವಾಟ್, 115 ವಾಟಿನ ಟ್ರಾನ್ಸಿಸ್ಟರಿಗೆ ಅದು ಏನೂ ಅಲ್ಲ. ಹೀಟ್‌ಸಿಂಕ್ ಉಗುರು ಬೆಚ್ಚಗೆ ಇರ್ಬೇಕು, ಹಾಗಿದ್ರೇ ಸೆಟ್ಟು ಸರಿ ಇದೆ ಅಂತ.

ಕೊನೆಗೆ ಒಂದು ಸ್ಪೀಕರ್ ಪ್ರೊಟೆಕ್ಷನ್ ಬೋರ್ಡು ಸೇರಿಸಿದೆ, ರಿಲೇ (ತಾನೇ ಬಿಡಿಸೋ ಸ್ವಿಚ್ಚು) ಇರೋದು. ಹಿಂದಿನ ಸಲ ವೂಫರ್ ಸುಟ್ಟದ್ದು ಅದಿಲ್ಲದ್ದರಿಂದ. ಔಟ್‌ಪುಟ್ ಶಾರ್ಟ್ ಆದ್ರೆ 24 ವೋಲ್ಟ್ ಡಿಸಿ ನೇರ ಕಾಯ್ಲಿಗೆ ಬರ್ತದೆ, 8 ಓಮ್ ಸ್ಪೀಕರಿನ ಕಾಯ್ಲು ಡಿಸಿಗೆ 6 ಓಮಿನಷ್ಟೇ, ಅಂದ್ರೆ 4 ಆಂಪ್, ಹತ್ತಿರ ಹತ್ತಿರ 100 ವಾಟ್ ಶಾಖ, ಯಾವ ವೂಫರೂ ಉಳಿಯೋದಿಲ್ಲ. ಆದರೆ ರಿಲೇ ಕಾಂಟ್ಯಾಕ್ಟಿಗೂ ನಮ್ಮ ಗಾಳಿ ತಾಗೇ ತಾಗ್ತದೆ. ಮುಂದೆ ದನಿ ಬಿಟ್ಟು ಬಿಟ್ಟು ಬಂದ್ರೆ ಪಾಲಿಶ್ ಪೇಪರ್ ಹಾಕಿ ಉಜ್ಜಬೇಡಿ, ಮೇಲಿನ ಬೆಳ್ಳಿ ಲೇಪ ಹೋಗ್ತದೆ, ದಪ್ಪ ಕಾಗದದ ಪಟ್ಟಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಕಾಂಟ್ಯಾಕ್ಟ್ ನಡುವೆ ಎಳೀರಿ ಸಾಕು. ಬೋರ್ಡಿನ ಹಿಂಭಾಗಕ್ಕೆ ಪಿಸಿಬಿ ವಾರ್ನಿಶ್ ಒಂದು ಕೋಟ್ ಕೊಟ್ಟಿದ್ದೇನೆ, ಪ್ರೀಸೆಟ್ಟಿಗೂ ರಿಲೇಗೂ ತಾಗದ ಹಾಗೆ.

ತಗೊಂಡು ಹೋಗಿ ಹಾಕಿ ಕೊಟ್ಟಾಗ ದೊಡ್ಡಪ್ಪ ಒಂದು ಪ್ರಸಂಗದ ಅರ್ಧ ತನಕ ಮಾತೇ ಆಡಲಿಲ್ಲ, ಆಮೇಲೆ "ಈಗ ಚೊಲೋ ಆತು ತಮಾ, ಮದ್ಲೆ ಕೇಳ್ತು" ಅಂದ್ರು. ಸೆಟ್ಟನ್ನ ಕಿಟಕಿ ಪಕ್ಕದಿಂದ ಒಳಗೋಡೆ ಕಡೆ ಸರಿಸಿಟ್ಟು ಬಂದೆ, ಮಳೆಗಾಲದಲ್ಲಿ ಕೇಳೋದಿಲ್ಲ ಅಂದ್ರೂ ದಿನಾ ಸ್ವಲ್ಪ ಹೊತ್ತು ಆನ್ ಮಾಡಿ ಇಡಿ, ಒಳಗೆ ಬೆಚ್ಚಗಾದ್ರೆ ತೇವ ಕೂರೋದಿಲ್ಲ ಅಂತ ದೊಡ್ಡಮ್ಮನಿಗೂ ಹೇಳಿದ್ದೇನೆ. ಇನ್ನು ಬಾಕಿ ಇರೋದು ವಾಲ್ಯೂಮ್ ಕಂಟ್ರೋಲು, ಕ್ಲೀನರ್ ಹೊಡೆದ ಮೇಲೂ ಒಂದು ಜಾಗದಲ್ಲಿ ಕರಕರ ಅಂತದೆ, ಕಾರ್ಬನ್ನೇ ಸವೆದಿದೆ. ಹೊಸದು ಹಾಕಬೇಕು, ಎರಡೂ ಚಾನೆಲ್ ಸಮ ಏರೋ ಲಾಗ್ ಪಾಟ್ (ವಾಲ್ಯೂಮಿಗೆ ಹಾಕೋ ತಿರುಗೋ ರೆಸಿಸ್ಟರು) ಹುಡುಕ್ತಾ ಇದ್ದೇನೆ. ಮಳೆಗಾಲ ಮುಗಿದ ಮೇಲೆ ಕವರ್ ಬಿಚ್ಚಿದಾಗ ಬಯಾಸೂ ಆಫ್‌ಸೆಟ್ಟೂ ಮತ್ತೊಮ್ಮೆ ಅಳೆದು ಎಷ್ಟು ಸರಿದಿದೆ ಅಂತ ಇಲ್ಲೇ ಬರೀತೇನೆ.